ಬಳ್ಳಾರಿ–ಹೊಸಪೇಟೆ ಓಡಾಟಕ್ಕೆ ಸ್ವಿಫ್ಟ್ ಪೆಟ್ರೋಲ್ ನೋಡಿ

ಸರ್, ದಿನಾ ಹೊಸಪೇಟೆಗೆ ಹೋಗಿ ಬರೋಕೆ ಸೆಕೆಂಡ್ ಹ್ಯಾಂಡ್ ಕಾರಲ್ಲಿ 1.0 ಲೀಟರ್ ಎಂಜಿನ್ನಿನ ವ್ಯಾಗನ್ ಆರ್ ಒಳ್ಳೇದೋ, ಸ್ವಿಫ್ಟ್ ಪೆಟ್ರೋಲ್ ಒಳ್ಳೇದೋ ಅಂತ ಕೇಳಿದ್ದೀರಿ. ಸ್ವಿಫ್ಟ್ ತಗೊಳ್ಳಿ. ಹೋಗಿ ಬರೋದು ಸೇರಿ ಹತ್ತಿರ ಹತ್ತಿರ 120 ಕಿ.ಮೀ. ಆಗುತ್ತೆ, ಅದೂ ದಾರಿಯಲ್ಲಿ ಸಿಗೋ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಓಡಾಡೋ ಲಾರಿಗಳ ಮಧ್ಯೆ. ವ್ಯಾಗನ್ ಆರ್ ಎತ್ತರ, ಹಗುರ. ದೊಡ್ಡ ಲಾರಿ ಪಕ್ಕದಲ್ಲಿ ಹಾದರೆ ಗಾಳಿಗೆ ಅಲ್ಲಾಡುತ್ತೆ. ಎಸಿ ಹಾಕಿ ಓವರ್‌ಟೇಕ್ ಮಾಡುವಾಗ ಸ್ವಿಫ್ಟಿನ 1.2 ಲೀಟರ್ ಎಂಜಿನ್ನಿನ ಬೆಲೆ ಗೊತ್ತಾಗುತ್ತೆ. ಪೇಟೆಯೊಳಗೇ ಓಡಾಟ ಆಗಿದ್ರೆ ವ್ಯಾಗನ್ ಆರ್ ಅಂತಲೇ ಹೇಳ್ತಿದ್ದೆ.

ಸ್ವಿಫ್ಟಲ್ಲಿ 2018ರಲ್ಲಿ ಬಂದ ಮಾಡೆಲ್ಲೇ ಹುಡುಕಿ. ಅದರ ಎಲ್ಲ ವೇರಿಯಂಟಿನಲ್ಲೂ ಎರಡು ಏರ್‌ಬ್ಯಾಗ್, ಎಬಿಎಸ್ (ಜೋರಾಗಿ ಬ್ರೇಕ್ ಹಾಕಿದ್ರೂ ಚಕ್ರ ಲಾಕ್ ಆಗದ ಹಾಗೆ ನೋಡೋ ವ್ಯವಸ್ಥೆ) ಇವೆ. ಕ್ಲಚ್, ಸಸ್ಪೆನ್ಷನ್ ನಿಮಗೆ ಗೊತ್ತಿರೋ ಮೆಕ್ಯಾನಿಕ್ ಹತ್ತಿರ ತೋರಿಸಿ. ಬೇಸಿಗೆಯಲ್ಲೇ ನೋಡೋದಾದ್ರೆ ಮಧ್ಯಾಹ್ನ ಎಸಿ ಹಾಕಿ ಓಡಿಸಿ. ಅದಿರಿನ ಕೆಂಪು ಧೂಳು ಜಾಸ್ತಿ ಅಲ್ವಾ, ಏರ್ ಫಿಲ್ಟರ್ ಸರ್ವಿಸ್ ತನಕ ಬಿಡಬೇಡಿ.