ಶೂ ಬಿಸಾಡುವ ಮೊದಲು ಸ್ವಲ್ಪ ತಡೀರಿ

ಹಾಸನದ ಓದುಗರೊಬ್ಬರ ಪತ್ರ: "ಕಳೆದ ಸಂಚಿಕೆಯಲ್ಲಿ ಮೆಕ್ಸಿಕೊದ ತಾರಾಹುಮಾರಾ ಜನರ ಬಗ್ಗೆ ಓದಿದೆ. ಟೈರ್ ಚಪ್ಪಲಿ ಹಾಕಿಕೊಂಡು ಬೆಟ್ಟದಲ್ಲಿ ನೂರಾರು ಕಿಲೋಮೀಟರ್ ಓಡುತ್ತಾರಂತೆ. ಮರುದಿನವೇ ಶೂ ಬಿಟ್ಟು ತೆಳು ಚಪ್ಪಲಿಯಲ್ಲಿ 12 ಕಿ.ಮೀ. ಓಡಿದೆ. ಮೂರು ವಾರದಿಂದ ಮೀನಖಂಡ ಹಿಡಿದುಕೊಂಡಿದೆ. ಅವರ ರಕ್ತದಲ್ಲಿ ಓಟ ಇದೆ, ನಮಗಿಲ್ಲ, ಅಷ್ಟೇ ಅಲ್ವಾ?"

ಮೊದಲು ನನ್ನ ತಪ್ಪೊಪ್ಪಿಗೆ. ಆ ಲೇಖನಕ್ಕೆ 'ರಕ್ತದಲ್ಲೇ ಓಟ' ಅಂತ ತಲೆಬರಹ ಕೊಟ್ಟವನು ನಾನು. ಬರೆದವರು ಕೊಟ್ಟಿದ್ದು ಬೇರೆ ಇತ್ತು, ಸಪ್ಪೆ ಅನಿಸಿತು, ಬದಲಾಯಿಸಿದೆ. ನಿಮ್ಮ ನೋವಿನಲ್ಲಿ ನನಗೂ ಪಾಲಿದೆ.

ಈಗ ವಿಷಯಕ್ಕೆ ಬರ್ತೀನಿ. ತಾರಾಹುಮಾರಾ ಜನ ತಮ್ಮನ್ನು ಕರೆದುಕೊಳ್ಳುವುದು ರರಾಮುರಿ ಅಂತ. ಊರು ಉತ್ತರ ಮೆಕ್ಸಿಕೊದ ಚಿವಾವಾ ರಾಜ್ಯದ ಆಳ ಕಣಿವೆಗಳು. ಹೊರಗಿನವರ ಬಾಯಿಗೆ ಇವರ ಹೆಸರು ಜಾಸ್ತಿ ಬಿದ್ದಿದ್ದು ಅಮೆರಿಕದ ಕೊಲರಾಡೊದಲ್ಲಿ ನಡೆಯುವ ಲೆಡ್‌ವಿಲ್ ಓಟದಿಂದ. ನೂರು ಮೈಲಿ, ಅಂದರೆ ಸುಮಾರು 160 ಕಿ.ಮೀ., ಶುರುವಾಗುವುದೇ ಮೂರು ಸಾವಿರ ಮೀಟರ್ ಎತ್ತರದಲ್ಲಿ. 1993ರಲ್ಲಿ ಅದನ್ನು ಗೆದ್ದ ವಿಕ್ಟೋರಿಯಾನೋ ಚುರೋಗೆ ಆಗ 55 ವರ್ಷ. ಮರುವರ್ಷ ಹ್ವಾನ್ ಹೆರೇರಾ 17 ಗಂಟೆ 30 ನಿಮಿಷದಲ್ಲಿ ಮುಗಿಸಿದರು. ಇದನ್ನೆಲ್ಲ ನಾವು ಅಚ್ಚು ಹಾಕಿದೆವು. ಹಾಕದೆ ಬಿಟ್ಟಿದ್ದು 1992. ಆ ವರ್ಷ ಮೊದಲ ಸಲ ಬಂದ ರರಾಮುರಿ ಓಟಗಾರರಲ್ಲಿ ಒಬ್ಬರೂ ಗುರಿ ಮುಟ್ಟಲಿಲ್ಲ. ಎಲ್ಲ ರಕ್ತದಲ್ಲೇ ಇದ್ದಿದ್ದರೆ ಒಂದೇ ವರ್ಷದಲ್ಲಿ ರಕ್ತ ಬದಲಾಯಿತೇ?

ಅವರ ಓಟ ನೋಡಬೇಕಾದರೆ ಅವರ ಊರಲ್ಲೇ ನೋಡಬೇಕು. ಅಲ್ಲಿ ಅದು ಆಟ. ರರಾಹಿಪಾರಿ ಅಂತ ಹೆಸರು. ಎರಡು ತಂಡ, ತಂಡಕ್ಕೊಂದು ಮರದ ಚೆಂಡು. ಚೆಂಡನ್ನು ಕಾಲಲ್ಲಿ ಎತ್ತಿ ಎಸೆಯಬೇಕು, ಹಿಂದೆ ಓಡಬೇಕು, ಮತ್ತೆ ಎಸೆಯಬೇಕು, ಹೀಗೆ ಗಂಟೆಗಟ್ಟಲೆ, ಒಮ್ಮೊಮ್ಮೆ ಹಗಲು ಕಳೆದು ರಾತ್ರಿಯೂ, ಆಗ ಊರಿನವರು ಪೈನ್ ಮರದ ಪಂಜು ಹಿಡಿದು ಪಕ್ಕದಲ್ಲೇ ಓಡುತ್ತಾ ಚೆಂಡು ಯಾವ ಕಲ್ಲಿನ ಸಂದಿಗೆ ಬಿತ್ತು ಅಂತ ತೋರಿಸುತ್ತಾರೆ. ಎಷ್ಟು ಸುತ್ತಾಯಿತು ಅನ್ನುವ ಲೆಕ್ಕಕ್ಕೆ ಸಾಲಾಗಿ ಕಲ್ಲು ಇಟ್ಟಿರುತ್ತಾರೆ. ಹೆಂಗಸರ ಆಟದಲ್ಲಿ ಚೆಂಡಿನ ಬದಲು ಬಳೆಯಂಥ ಉಂಗುರ, ಅದನ್ನು ಕೋಲಿನಿಂದ ಎಸೆದು ಓಡುವುದು. ಬಾಜಿ ಬೇರೆ! ಬಟ್ಟೆ, ಕಂಬಳಿ, ದುಡ್ಡು, ಎಲ್ಲ ಕಟ್ಟುತ್ತಾರೆ. ಮೆಕ್ಕೆಜೋಳದ ಹೆಂಡ ಇಲ್ಲದೆ ಸಂತೋಷಕೂಟವಿಲ್ಲ. ದಾರಿಗೆ ಪಿನೋಲೆ, ಅಂದರೆ ಹುರಿದ ಮೆಕ್ಕೆಜೋಳದ ಹಿಟ್ಟು. ನಮ್ಮ ಹುರಿಹಿಟ್ಟಿನ ಅಣ್ಣತಮ್ಮ ಅನ್ನಿ.

ಉಳಿದ ದಿನ ಅವರು ನಮ್ಮ ಹಾಗೆ ಬೆಳಗ್ಗೆ ಎದ್ದು 'ಪ್ರಾಕ್ಟೀಸ್'ಗೆ ಹೋಗುವುದಿಲ್ಲ. ಆಡು ಮೇಯಿಸುತ್ತಾರೆ, ಸೌದೆ ಒಡೆಯುತ್ತಾರೆ, ನೆಂಟರ ಮನೆಗೆ ಹೋಗಲು ಒಂದು ಕಣಿವೆ ಇಳಿದು ಇನ್ನೊಂದು ಹತ್ತುತ್ತಾರೆ. 2017ರಲ್ಲಿ ಪ್ವೆಬ್ಲಾ ರಾಜ್ಯದ 50 ಕಿ.ಮೀ. ಬೆಟ್ಟದ ಓಟದಲ್ಲಿ ಹೆಂಗಸರ ವಿಭಾಗ ಗೆದ್ದ ಲೊರೇನಾ ರಮೀರೆಸ್ ಕೂಡ ಆಡು, ದನ ಕಾಯುತ್ತಾ ಬೆಳೆದ ಹುಡುಗಿ. ಲಂಗ ತೊಟ್ಟು, ಚಪ್ಪಲಿಯಲ್ಲೇ ಓಡಿದರು. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಸಂಶೋಧಕ ಡೇನಿಯಲ್ ಲೀಬರ್ಮನ್ ಮತ್ತು ಸಂಗಡಿಗರು 2020ರಲ್ಲಿ ಬರೆದ ಪ್ರಬಂಧ ಹೇಳುವುದೂ ಇದನ್ನೇ: ಇವರನ್ನು ನಾಗರಿಕತೆ ಮುಟ್ಟದ ಸಹಜ ಓಟಗಾರರು ಅಂತ ನೋಡುವುದು ಹೊರಗಿನವರ ಭ್ರಮೆ.

ನಮಗೂ ಈ ಭ್ರಮೆ ಹೊಸದಲ್ಲ. ಅದೇ 2020ರ ಫೆಬ್ರುವರಿಯಲ್ಲಿ ಕಂಬಳದ ಶ್ರೀನಿವಾಸ ಗೌಡರನ್ನು ಉಸೇನ್ ಬೋಲ್ಟ್‌ಗೆ ಹೋಲಿಸಿ ದೇಶವೆಲ್ಲ ಕುಣಿಯಿತು, ಟ್ರಯಲ್ಸ್‌ಗೆ ಕರೆಯಿತು. ಕೋಣದ ಜೊತೆ ಕೆಸರಲ್ಲಿ ಓಡುವುದು ಬೇರೆ, ಟ್ರ್ಯಾಕ್ ಬೇರೆ ಅಂತ ಅವರೇ ಬಿಡಿಸಿ ಹೇಳಬೇಕಾಯಿತು. ಕಂಬಳ ಗೊತ್ತಿದ್ದವರಿಗೆ ಹೋಲಿಕೆ ಕೇಳಿಯೇ ನಗು ಬಂದಿತ್ತು.

ಹಾಂ, ಇನ್ನೊಂದು. ಆ ಕಣಿವೆಗಳನ್ನು ಸ್ವರ್ಗ ಅಂದುಕೊಳ್ಳಬೇಡಿ. ಬರ, ಕಳ್ಳ ಮರಸಾಗಣೆ, ಡ್ರಗ್ ಗ್ಯಾಂಗುಗಳು. ಕಾಡು ಉಳಿಸಲು ಹೋರಾಡಿ 2005ರಲ್ಲಿ ಪರಿಸರ ಹೋರಾಟಗಾರರಿಗೆ ಕೊಡುವ ಗೋಲ್ಡ್‌ಮನ್ ಪ್ರಶಸ್ತಿ ಪಡೆದ ರರಾಮುರಿ ಇಸಿದ್ರೋ ಬಾಲ್ದೆನೇಗ್ರೋ ಅವರನ್ನು 2017ರ ಜನವರಿಯಲ್ಲಿ ಗುಂಡಿಟ್ಟು ಕೊಂದರು. ಉರೀಕೆ ಎಂಬ ಊರಲ್ಲಿ ಮೈಕಾ ಟ್ರೂ ಎಂಬ ಅಮೆರಿಕನ್ 2003ರಲ್ಲಿ ಶುರು ಮಾಡಿದ ಓಟವನ್ನು 2015ರಲ್ಲಿ ಸಂಘಟಕರು ಗ್ಯಾಂಗುಗಳ ಹೊಡೆದಾಟದಿಂದಾಗಿ ಕೊನೇ ಗಳಿಗೆಯಲ್ಲಿ ರದ್ದು ಮಾಡಿದರು. ಇದೂ ನಮ್ಮ ಲೇಖನದಲ್ಲಿ ಇರಲಿಲ್ಲ.

ಇನ್ನು ನಿಮ್ಮ ಕಾಲು. ದಪ್ಪ ಹಿಮ್ಮಡಿಯ ಶೂನಲ್ಲಿ ವರ್ಷಗಟ್ಟಲೆ ಓಡಿದವರು ದಿಢೀರನೆ ತೆಳು ಚಪ್ಪಲಿಗೆ ಬಂದರೆ ಹೊಡೆತವೆಲ್ಲ ಮೀನಖಂಡಕ್ಕೆ ಬೀಳುತ್ತದೆ. ಅದೂ ಮೊದಲ ದಿನವೇ 12 ಕಿ.ಮೀ.! ಮೂರು ವಾರ ಆಯಿತು ಅಂತೀರಿ, ಸುಮ್ನೆ ಎಣ್ಣೆ ಹಚ್ಚಿಕೊಂಡು ಕೂರಬೇಡಿ, ಡಾಕ್ಟರಿಗೆ ತೋರಿಸಿ. ವಾಸಿಯಾದ ಮೇಲೆ ನಿಮ್ಮ ಹಳೇ ಶೂನಲ್ಲೇ ಓಡಿ. ಆ ಚಪ್ಪಲಿ ಬಿಸಾಡಬೇಡಿ, ಹಾಲು ತರಲು ಹೋಗುವಾಗ ಹಾಕಿಕೊಳ್ಳಿ.