ಚಿತ್ರಗಳ ಗುಪ್ತಲಿಪಿ: ಪದದ ಕೊನೆಯಿಂದ ಹಿಡೀರಿ

ಮೀನು, ದೀಪ, ಗಿಳಿ ಅಂತ ಒಟ್ಟು 28 ಬಗೆಯ ಚಿತ್ರಗಳಲ್ಲಿ ಬರೆದ ಹತ್ತು ಸಾಲಿನ ಕನ್ನಡ ಒಗಟು ಸಿಕ್ಕಿದೆ, ಎಲ್ಲಿಂದ ಶುರು ಮಾಡಲಿ ಅಂತ ಕೇಳೀರಿ. ಬರೀ 28 ಅಂದರೆ ಕಾಗುಣಿತದ ಪೂರ್ತಿ ಅಕ್ಷರಕ್ಕೆ ಒಂದೊಂದು ಚಿತ್ರ ಕೊಟ್ಟಿರಲಿಕ್ಕಿಲ್ಲ. ಹಾಗಿದ್ದರೆ ಕ, ಕಿ, ಕು ಎಲ್ಲಕ್ಕೂ ಬೇರೆ ಬೇರೆ ಬೇಕಾಗಿ ಚಿತ್ರಗಳು ಎಷ್ಟೋ ಹೆಚ್ಚಾಗುತ್ತಿದ್ದವು. ಸ್ವರ, ವ್ಯಂಜನ ಬಿಡಿಸಿ ಬರೆದಿದ್ದಾರೆ ಅಂತಲೇ ಹಿಡೀರಿ.

ಎಲ್ಲಕ್ಕಿಂತ ಹೆಚ್ಚು ಸಲ ಬಂದ ಚಿತ್ರಕ್ಕೆ ಪೆನ್ಸಿಲ್‌ನಿಂದ 'ಅ' ಅಂತ ಬರೀರಿ. ಆಮೇಲೆ ಪದಗಳ ಕೊನೆ ನೋಡ್ರಿ, ಕನ್ನಡ ಸಿಕ್ಕಿಬೀಳುವುದೇ ಅಲ್ಲಿ. 'ಅ' ಆದಮೇಲೆ ಒಂದೇ ಚಿತ್ರ ಜೋಡಿಯಾಗಿ ಬಂದು, ಇನ್ನೊಂದರಿಂದ ಪದ ಮುಗಿದರೆ ಅದು 'ಅಲ್ಲಿ' ಇಲ್ಲವೇ 'ಅನ್ನು'. ಯಾವುದು ಅಂತ 'ಗಳು' ಹೇಳುತ್ತದೆ: 'ಅನ್ನು', 'ಗಳು' ಎರಡೂ 'ಉ'ದಿಂದಲೇ ಮುಗಿಯುತ್ತವೆ. ಇಷ್ಟು ಕೂಡಿದರೆ ಅ, ಇ, ಉ, ಲ, ನ, ಗ, ಳ ಕೈಗೆ ಬಂದವು. ಈ ಘಳಿಗೆಯ ಖುಷಿಗಾಗಿಯೇ ನಾನು ಇಂಥ ಒಗಟು ಬಿಡಿಸುವುದು!

1837ರಲ್ಲಿ ಇಂಗ್ಲಿಷ್ ವಿದ್ವಾಂಸ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿ ಅನ್ನುವ ಹಳೆಯ ಲಿಪಿಯನ್ನು ಓದಿದ್ದೂ ಹೀಗೆಯೇ. ಸಾಂಚಿಯ ಚಿಕ್ಕ ಚಿಕ್ಕ ಶಾಸನಗಳೆಲ್ಲ ಅವೇ ಎರಡು ಅಕ್ಷರಗಳಿಂದ ಮುಗಿಯುವುದನ್ನು ಕಂಡು, ಇದು 'ದಾನಂ' ಇರಬೇಕು ಅಂತ ಊಹಿಸಿದರು. ನೀವು ಕೊಪ್ಪಳದವರು ಅಂದಿರಿ. ನಿಮ್ಮ ಗವಿಮಠ, ಪಾಲ್ಕಿಗುಂಡಿನ ಅಶೋಕನ ಶಾಸನಗಳೂ ಅದೇ ಲಿಪಿಯವು, ಒಮ್ಮೆ ಹೋಗಿ ನೋಡಿ ಬರ್ರಿ.

ಒಂದು ಎಚ್ಚರ: ಕೆಲವರು 'ಅ'ಕ್ಕೆ ಚಿತ್ರವನ್ನೇ ಹಾಕುವುದಿಲ್ಲ. ಆಗ ಜೋಡಿ ಚಿತ್ರಗಳಿಂದಲೇ ಶುರು ಮಾಡ್ರಿ. ಎಲ್ಲಾದರೂ ನಿಂತರೆ ಮೊದಲ ಎರಡು ಸಾಲು ಇಲ್ಲಿ ಹಾಕ್ರಿ, ಕೂಡಿ ನೋಡೋಣ.