ಡಾಕ್ಟರ್ ಬಾಯಿಗೆ ಕೇಳಿ: ಭೇದಿ ನಿಂತ ಮೇಲೆ ಕಾಲು ಯಾಕೆ ಸೋತವು?

ಪ್ರಶ್ನೆ: ಡಾಕ್ಟರ್ ಬಾಯಿಯವರಿಗೆ ನಮಸ್ಕಾರ. ನಮ್ಮದು ಮಗ್ಗದ ಮನೆ. ಅಣ್ಣನಿಗೆ 34 ವರ್ಷ. ಊರ ಜಾತ್ರೆಯಲ್ಲಿ ಊಟ ಮಾಡಿ ಬಂದ ಮೂರನೇ ದಿನ ಹೊಟ್ಟೆ ನುಲಿದು ಭೇದಿ ಹತ್ತಿತು, ಸ್ವಲ್ಪ ರಕ್ತವೂ ಹೋಯಿತು. ನಾಲ್ಕು ದಿನಕ್ಕೆ ನಿಂತಿತು. ಹತ್ತು ದಿನ ಬಿಟ್ಟು ಅಂಗಾಲಿಗೆ ಇರುವೆ ಹತ್ತಿದ ಹಾಗೆ ಆಗತೊಡಗಿತು. ಮರುದಿನ ಕಾಲಿನಿಂದ ಚಪ್ಪಲಿ ಜಾರಿದರೂ ತಿಳಿಯಲಿಲ್ಲ. ಮೂರನೇ ದಿನ ಮಗ್ಗದ ಕುಣಿಯಿಂದ ಮೇಲೆ ಬರಲಾಗಲಿಲ್ಲ. ಊರವರು ಲಕ್ವಾ ಎಂದರು. ಅವತ್ತೇ ಬೆಳಗಾವಿಗೆ ಒಯ್ದೆವು. ಜಿಬಿಎಸ್ (ಗಿಲ್ಲೆನ್-ಬಾರೆ ಸಿಂಡ್ರೋಮ್ ಎಂಬ ನರಗಳ ರೋಗ) ಎಂದು ಹೇಳಿ ಐದು ದಿನ ಐವಿಐಜಿ ಎಂಬ ಔಷಧಿಯನ್ನು ರಕ್ತನಾಳಕ್ಕೆ ಏರಿಸಿದರು. ಉಸಿರಿನ ಯಂತ್ರ ಬೇಕಾಗಲಿಲ್ಲ. ಈಗ ಎರಡು ತಿಂಗಳಾಯಿತು, ಗೋಡೆ ಹಿಡಿದು ನಡೆಯುತ್ತಾನೆ. ಹೊಟ್ಟೆಯ ಕ್ರಿಮಿಯಿಂದ ಬಂದದ್ದು ಎಂದರು. ಹೊಟ್ಟೆಗೆ ಹೊಕ್ಕ ಕ್ರಿಮಿ ಕಾಲು ಹೇಗೆ ಸೋಲಿಸುತ್ತದೆ? ಅದು ಇನ್ನೂ ಒಳಗೆ ಇದೆಯೇ? ಪರಿಚಯದವರೊಬ್ಬರು ‘ಒಳ್ಳೆಯ ಬ್ಯಾಕ್ಟೀರಿಯಾ’ ಪುಡಿ ಆರು ತಿಂಗಳು ಕೊಟ್ಟರೆ ನರ ಗುಣವಾಗುತ್ತದೆ ಎನ್ನುತ್ತಾರೆ. ಕೊಡಲೇ?
(ಓದುಗರು, ಬನಹಟ್ಟಿ)

ಉತ್ತರ: ತಂಗೀ, ಲಕ್ವಾ ಎಂದು ಎಣ್ಣೆ ತಿಕ್ಕಿಸುತ್ತ ಕೂರದೆ ಮೂರನೇ ದಿನವೇ ಬೆಳಗಾವಿಗೆ ಒಯ್ದಿರಲ್ಲ, ಅದು ಬಹಳ ದೊಡ್ಡ ಕೆಲಸ. ಲಕ್ವಾ ಸಾಮಾನ್ಯವಾಗಿ ಒಂದೇ ಮಗ್ಗುಲಿಗೆ, ಒಮ್ಮೆಲೇ ಹೊಡೆಯುತ್ತದೆ. ಇದು ಎರಡೂ ಪಾದದಿಂದ ಶುರುವಾಗಿ ದಿನದಿಂದ ದಿನಕ್ಕೆ ಮೇಲಕ್ಕೆ ಹತ್ತುತ್ತದೆ. ಎದೆಯ ಮಟ್ಟಕ್ಕೆ ಬಂದಾಗ ಉಸಿರಾಟದ ಸ್ನಾಯುಗಳೂ ಸೋಲುತ್ತವೆ. ನೂರರಲ್ಲಿ 20ರಿಂದ 30 ಮಂದಿಗೆ ಉಸಿರಿನ ಯಂತ್ರ ಬೇಕಾಗುತ್ತದೆ. ನಿಮ್ಮ ಅಣ್ಣನಿಗೆ ಅದು ಬೇಕಾಗಲಿಲ್ಲ ಎಂದು ಪತ್ರದಿಂದ ತಿಳಿದು ನನಗೂ ಸಮಾಧಾನವಾಯಿತು.

ನಿಮ್ಮದು ನೇಕಾರರ ಮನೆ, ಹಾಗಾಗಿ ಸೀರೆಯ ಮಾತಿನಲ್ಲೇ ಹೇಳುತ್ತೇನೆ. ಅಂಚು ನೋಡಿಯೇ ನೀವು ಇದು ಯಾರ ಮಗ್ಗದ್ದು ಎಂದು ಹೇಳಬಲ್ಲಿರಿ. ನಮ್ಮ ರಕ್ತದ ಕಾವಲುಗಾರರೂ ಹಾಗೆಯೇ, ಕ್ರಿಮಿಯ ಹೊರಮೈಯ ಅಂಚನ್ನು ನೋಡಿ ಗುರುತು ಹಿಡಿಯುತ್ತಾರೆ. ಕ್ಯಾಂಪೈಲೋಬ್ಯಾಕ್ಟರ್ ಜೆಜುನಿ ಎಂಬ ಕ್ರಿಮಿಯ (ಇದು ಜಂತುಹುಳು ಅಲ್ಲ, ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾ) ಕೆಲವು ತಳಿಗಳ ಹೊರಮೈಯಲ್ಲಿ ಒಂದು ಸಕ್ಕರೆಯ ಸರಪಳಿ ಇದೆ. ನಮ್ಮ ನರಗಳ ಮೇಲೆ ಇರುವ ಜಿಎಂ1 ಎಂಬ ವಸ್ತುವಿನ ಅಂಚೂ ಅದೇ ನಮೂನೆಯದು. ದೇಹ ಕ್ರಿಮಿಯನ್ನು ಕೊಲ್ಲಲೆಂದು ಪ್ರತಿಕಾಯ ತಯಾರಿಸುತ್ತದೆ, ಅದಕ್ಕೆ ಒಂದೆರಡು ವಾರ ಬೇಕು. ತಯಾರಾಗಿ ಹೊರಟ ಪ್ರತಿಕಾಯಗಳು ಅದೇ ಅಂಚನ್ನು ನರದ ಮೇಲೂ ಕಂಡು ಅದಕ್ಕೂ ಬಡಿಯುತ್ತವೆ. ಭೇದಿ ನಿಂತು ಹತ್ತು ದಿನಕ್ಕೆ ಕಾಲು ಸೋತದ್ದು ಇದರಿಂದ. ಇದು ಬರಿಯ ಊಹೆಯಲ್ಲ. ಜಪಾನಿನ ನೊಬುಹಿರೊ ಯೂಕಿ ಮತ್ತು ಜೊತೆಗಾರರು 1993ರಲ್ಲಿ ಈ ಹೋಲಿಕೆಯನ್ನು ರಾಸಾಯನಿಕವಾಗಿ ತೋರಿಸಿದರು. 2004ರಲ್ಲಿ ಕ್ರಿಮಿಯ ಆ ಹೊರಮೈ ವಸ್ತುವನ್ನಷ್ಟೇ ಮೊಲಗಳಿಗೆ ಚುಚ್ಚಿದಾಗ ಮೊಲಗಳ ಕಾಲೂ ಸೋತವು.

ಹಾಗೆಂದು ಭೇದಿಯಾದವರೆಲ್ಲ ಹೆದರಬೇಕಿಲ್ಲ. ಈ ಕ್ರಿಮಿ ತಗಲಿದವರಲ್ಲಿ ಸಾವಿರಕ್ಕೆ ಸುಮಾರು ಒಬ್ಬರಿಗೆ ಹೀಗಾಗುತ್ತದೆ. ಆದರೆ ಒಂದೇ ನೀರು ಬಹಳ ಜನರ ಹೊಟ್ಟೆ ಸೇರಿದಾಗ ಆ ಒಬ್ಬರು ನೂರಾಗುತ್ತಾರೆ. 2025ರ ಜನವರಿಯಲ್ಲಿ ಪುಣೆಯ ಸಿಂಹಗಡ ರಸ್ತೆಯ ಕಡೆ ಬಹಳ ಜನರಿಗೆ ಒಮ್ಮೆಲೇ ಜಿಬಿಎಸ್ ಆದದ್ದು ನೆನಪಿರಬಹುದು. ಹಲವು ರೋಗಿಗಳ ಮಲದಲ್ಲಿ ಇದೇ ಕ್ರಿಮಿ ಸಿಕ್ಕಿತ್ತು. ಬೆಳಗಾವಿ ಕಡೆಯ ಎಷ್ಟೋ ಮನೆಗಳ ಮಕ್ಕಳು ಅಲ್ಲಿ ಕೆಲಸಕ್ಕಿದ್ದಾರೆ. ಆ ತಿಂಗಳು ನನಗೆ ದಿನವೂ ಫೋನು ಬರುತ್ತಿತ್ತು.

ಕ್ರಿಮಿ ಇನ್ನೂ ಒಳಗೆ ಇದೆಯೇ ಎಂದು ಕೇಳಿದ್ದೀರಿ. ಕಾಲು ಜುಮ್ಮೆನ್ನುವ ಹೊತ್ತಿಗೆ ಅದರ ಕೆಲಸ ಮುಗಿದಿರುತ್ತದೆ, ಬಹುಪಾಲು ತಾನಾಗಿಯೇ ಹೊರಟೂ ಹೋಗಿರುತ್ತದೆ. ಹಾಗಾಗಿ ಈಗ ಜುಲಾಬು ಕೊಟ್ಟು ಹೊಟ್ಟೆ ತೊಳೆಸುವುದರಿಂದ ಸೋತ ದೇಹ ಇನ್ನಷ್ಟು ಸೋಲುತ್ತದೆ, ಅಷ್ಟೇ. ಪುಡಿಯ ಮಾತೂ ಅದೇ. ಜಿಬಿಎಸ್ ಆದ ನರವನ್ನು ಯಾವ ಬ್ಯಾಕ್ಟೀರಿಯಾ ಪುಡಿಯೂ ಗುಣಪಡಿಸಿದ ದಾಖಲೆ ಇಲ್ಲ. ಐವಿಐಜಿ ಔಷಧಿ ಕಿಲೋ ತೂಕಕ್ಕೆ ದಿನಕ್ಕೆ 0.4 ಗ್ರಾಂ. 60 ಕಿಲೋ ಮನುಷ್ಯನಿಗೆ ದಿನಕ್ಕೆ 24 ಗ್ರಾಂ, ಐದು ದಿನಕ್ಕೆ 120 ಗ್ರಾಂ. ಅದಕ್ಕೆ ಎಷ್ಟು ಮನೆಗಳು ಬಂಗಾರ ಒತ್ತೆ ಇಡುತ್ತವೆ ಎಂದು ನಾನು ಕಂಡಿದ್ದೇನೆ. ಉಳಿದ ದುಡ್ಡನ್ನು ಪುಡಿಗೆ ಸುರಿಯಬೇಡಿ, ಫಿಸಿಯೋಥೆರಪಿಗೆ ಇಡಿ. (ಬೇರೆ ಓದುಗರಿಗಾಗಿ ಇನ್ನೊಂದು ಮಾತು: ರಕ್ತದ ಪ್ಲಾಸ್ಮಾ ಬದಲಿಸುವ ಚಿಕಿತ್ಸೆಯೂ ಐವಿಐಜಿಯಷ್ಟೇ ಕೆಲಸ ಮಾಡುತ್ತದೆ, ಸಾಮಾನ್ಯವಾಗಿ ಖರ್ಚು ಕಡಿಮೆ. ಕೇಳಿ ನೋಡಿ. ಸ್ಟೀರಾಯ್ಡ್ ಮಾತ್ರ ಈ ರೋಗಕ್ಕೆ ಉಪಯೋಗವಿಲ್ಲ.)

ನರ ಮರಳಿ ಬೆಳೆಯುವ ವೇಗ ದಿನಕ್ಕೆ ಸುಮಾರು 1 ಮಿಲಿಮೀಟರ್. ಸೊಂಟದಿಂದ ಪಾದಕ್ಕೆ ಹೆಚ್ಚುಕಡಿಮೆ ಒಂದು ಮೀಟರ್. ನರದ ಮೇಲಿನ ಹೊದಿಕೆ ಮಾತ್ರ ಕೆಟ್ಟಿದ್ದರೆ ವಾರ, ತಿಂಗಳುಗಳಲ್ಲಿ ಸರಿಹೋಗುತ್ತದೆ. ಒಳಗಿನ ಎಳೆಯೇ ಕಡಿದಿದ್ದರೆ ವರ್ಷಗಳು ಬೇಕು. ಎರಡೇ ತಿಂಗಳಿಗೆ ಗೋಡೆ ಹಿಡಿದು ನಡೆಯುವುದು ಒಳ್ಳೆಯ ಲಕ್ಷಣ. ಆರು ತಿಂಗಳ ಹೊತ್ತಿಗೆ ನೂರರಲ್ಲಿ ಸುಮಾರು 80 ಮಂದಿ ಯಾರ ಆಸರೆಯೂ ಇಲ್ಲದೆ ನಡೆಯುತ್ತಾರೆ. ಮತ್ತೆ ಬರುವುದು ಅಪರೂಪ. ಮಜ್ಜಿಗೆ ಕೊಡಿ, ಹಾಲು ಕಾಯಿಸಿಯೇ ಕೊಡಿ. ಮನೆಯಲ್ಲಿ ಕೋಳಿ ಮಾಡುವುದಿದ್ದರೆ ಹಸಿ ಮಾಂಸವನ್ನು ನಲ್ಲಿಯ ಕೆಳಗೆ ತೊಳೆಯಬೇಡಿ. ಈ ಕ್ರಿಮಿ ಕೋಳಿಯ ಕರುಳಿನಲ್ಲಿ ಸುಮ್ಮನೆ ಬದುಕಿರುತ್ತದೆ, ನೀರು ಸಿಡಿದಲ್ಲೆಲ್ಲ, ಪಕ್ಕದ ಸೌತೆಕಾಯಿಯ ಮೇಲೂ, ಹೋಗಿ ಕೂರುತ್ತದೆ. ಚೆನ್ನಾಗಿ ಬೇಯಿಸಿದರೆ ಸಾಯುತ್ತದೆ.

ಪ್ರಶ್ನೆ: ನಮ್ಮ ಅವ್ವನಿಗೆ 61 ವರ್ಷ, ಮೂರು ವರ್ಷದಿಂದ ಮೈಯಸ್ತೇನಿಯಾ ಗ್ರೇವಿಸ್ ಎಂಬ ಸ್ನಾಯು ಸೋಲುವ ರೋಗ. ಸಂಜೆಯಾದರೆ ರೆಪ್ಪೆ ಜೋಲುತ್ತದೆ, ರೊಟ್ಟಿ ಅಗಿಯಲು ದವಡೆ ಸೋಲುತ್ತದೆ. ಪಿರಿಡೋಸ್ಟಿಗ್ಮಿನ್ ಗುಳಿಗೆ ನಡೆದಿದೆ. ಇದಕ್ಕೂ ಕರುಳಿನ ಬ್ಯಾಕ್ಟೀರಿಯಾವೇ ಕಾರಣ, ಅದನ್ನು ಸರಿಮಾಡಿದರೆ ಗುಳಿಗೆ ಬಿಡಬಹುದು ಎಂದು ವಾಟ್ಸಾಪಿನಲ್ಲಿ ಬಂದಿದೆ. ನಿಜವೇ?
(ಶಿಕ್ಷಕರು, ಇಂಡಿ)

ಉತ್ತರ: ಗುಳಿಗೆ ಬಿಡಿಸಬೇಡಿ, ಮಾಸ್ತರರೇ. ಮೊದಲು ಅದು.

ಮೇಲಿನ ಅಣ್ಣನ ರೋಗಕ್ಕೂ ಅವ್ವನ ರೋಗಕ್ಕೂ ವ್ಯತ್ಯಾಸವಿದೆ. ಅಲ್ಲಿ ಪ್ರತಿಕಾಯ ಬಡಿದದ್ದು ನರಕ್ಕೆ. ಇಲ್ಲಿ ನರ ಮತ್ತು ಸ್ನಾಯು ಕೂಡುವ ಜಾಗಕ್ಕೆ. ನರ ಕಳಿಸಿದ ಅಸಿಟೈಲ್‌ಕೋಲಿನ್ ಎಂಬ ಸಂದೇಶವನ್ನು ಸ್ನಾಯು ಹಿಡಿಯುವ ಕೊಂಡಿಗಳನ್ನೇ ಪ್ರತಿಕಾಯ ಮುಚ್ಚುತ್ತದೆ, ಕೆಡಿಸುತ್ತದೆ. ಮೈಯೆಲ್ಲ ಸೋಲುವ ರೋಗಿಗಳಲ್ಲಿ ನೂರಕ್ಕೆ ಸುಮಾರು 85 ಮಂದಿಯ ರಕ್ತದಲ್ಲಿ ಈ ಪ್ರತಿಕಾಯ ಸಿಗುತ್ತದೆ. ಇದರಲ್ಲಿ ಎದೆಯೊಳಗಿನ ಥೈಮಸ್ ಗ್ರಂಥಿಯ ಪಾತ್ರ ದೊಡ್ಡದು. ಜಿಬಿಎಸ್‌ನಲ್ಲಿ ಆದ ಹಾಗೆ ‘ಇದೇ ಕ್ರಿಮಿ’ ಎಂದು ಇಲ್ಲಿ ಯಾರೂ ಬೊಟ್ಟು ಮಾಡಿ ತೋರಿಸಿಲ್ಲ.

ವಾಟ್ಸಾಪಿನ ಮಾತಿನಲ್ಲಿ ಒಂದು ಎಳೆ ಸತ್ಯವಿದೆ, ಅದನ್ನೂ ಹೇಳಬೇಕು. ಈ ರೋಗಿಗಳ ಕರುಳಿನ ಬ್ಯಾಕ್ಟೀರಿಯಾಗಳ ಬಳಗ ಆರೋಗ್ಯವಂತರದಕ್ಕಿಂತ ಬೇರೆಯಾಗಿದೆ ಎಂದು ಹಲವು ಅಧ್ಯಯನಗಳು ಕಂಡಿವೆ. ಚೀನಾದ ಸಂಶೋಧಕರು ರೋಗಿಗಳ ಕರುಳಿನ ಬ್ಯಾಕ್ಟೀರಿಯಾಗಳನ್ನು ಕ್ರಿಮಿಯೇ ಇಲ್ಲದೆ ಬೆಳೆಸಿದ ಇಲಿಗಳಿಗೆ ಹಾಕಿದಾಗ ಇಲಿಗಳ ಓಡಾಟ ಕುಂದಿತು. ನಾರು ತಿಂದು ಬದುಕುವ ಬ್ಯಾಕ್ಟೀರಿಯಾಗಳು ಬ್ಯುಟಿರೇಟ್ ಎಂಬ ವಸ್ತು ಕೊಡುತ್ತವೆ, ಅದು ಕೆರಳಿದ ಕಾವಲು ಕಣಗಳಿಗೆ ಕಡಿವಾಣ ಹಾಕುವ ಕಣಗಳನ್ನು ಬೆಳೆಸುತ್ತದೆ. ನನಗೆ ಈ ಸಂಶೋಧನೆಯ ಮೇಲೆ ನಿಜವಾದ ಆಸೆ ಇದೆ. ಆದರೆ ಇಲಿಯಿಂದ ಅವ್ವನವರೆಗೆ ದಾರಿ ಉದ್ದ. ರೋಗದಿಂದ, ಗುಳಿಗೆಯಿಂದ, ಊಟ ಕಡಿಮೆಯಾದದ್ದರಿಂದಲೂ ಆ ಬಳಗ ಬದಲಾಗುತ್ತದೆ.

ನಾರಿನ ವಿಷಯಕ್ಕೆ ಪುಡಿಯೇ ಬೇಕಿಲ್ಲ. ಜೋಳ, ಮಡಕಿ ಕಾಳು, ಅಗಸಿ ಹಿಂಡಿ, ಮೆಂತ್ಯ ಪಲ್ಲೆ ಎಲ್ಲ ನಮ್ಮ ತಾಟಿನಲ್ಲೇ ಇವೆ. ಕಟಕ ರೊಟ್ಟಿ ಅಗಿಯಲಾಗದಿದ್ದರೆ ಬಿಸಿ ರೊಟ್ಟಿಯ ಮುಟಗಿ ಮಾಡಿ ಕೊಡಿ, ಇಲ್ಲವೇ ಜೋಳದ ನುಚ್ಚಿಗೆ ಮಜ್ಜಿಗೆ ಹಾಕಿ. ಗುಳಿಗೆಯನ್ನು ಊಟಕ್ಕೆ ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ ಮೊದಲು ಕೊಟ್ಟರೆ ಅಗಿಯುವ ಹೊತ್ತಿಗೆ ದವಡೆಗೆ ಬಲ ಬಂದಿರುತ್ತದೆ. ರೋಗನಿರೋಧಕ ಶಕ್ತಿ ತಗ್ಗಿಸುವ ಅಜಾಥಯೋಪ್ರಿನ್‌ನಂಥ ಔಷಧಿಯೂ ನಡೆದಿದ್ದರೆ ಜೀವಂತ ಬ್ಯಾಕ್ಟೀರಿಯಾದ ಕ್ಯಾಪ್ಸೂಲ್‌ಗಳನ್ನು ನರರೋಗ ವೈದ್ಯರನ್ನು ಕೇಳದೆ ಕೊಡಬೇಡಿ.

ನೀವು ಕೇಳದೇ ಇರುವ ಒಂದು ಮಾತು ಇದಕ್ಕಿಂತ ಮುಖ್ಯ. ಪಿರಿಡೋಸ್ಟಿಗ್ಮಿನ್‌ನಿಂದಲೇ ಹೊಟ್ಟೆ ನುಲಿದು ಭೇದಿಯಾಗಬಹುದು. ಆಗ ಮನೆಯವರು ಅಂಗಡಿಗೆ ಹೋಗಿ ಆಫ್ಲಾಕ್ಸಸಿನ್ ಇರುವ ಗುಳಿಗೆ ತರುತ್ತಾರೆ. ಆಫ್ಲಾಕ್ಸಸಿನ್, ಸಿಪ್ರೊಫ್ಲಾಕ್ಸಸಿನ್, ಅಜಿತ್ರೊಮೈಸಿನ್, ಜೆಂಟಾಮೈಸಿನ್ ಇವೆಲ್ಲ ಈ ರೋಗಿಗಳ ಸ್ನಾಯುಗಳನ್ನು ಮತ್ತಷ್ಟು ಸೋಲಿಸಬಲ್ಲವು. 1990ರ ದಶಕದಲ್ಲಿ ನಾನು ತಾಲ್ಲೂಕು ಊರೊಂದರಲ್ಲಿದ್ದಾಗ ಜ್ವರ, ಭೇದಿ ಎಂದು ಬಂದ ಒಬ್ಬ ಅಜ್ಜಿಗೆ ಜೆಂಟಾಮೈಸಿನ್ ಚುಚ್ಚಿದೆ. ಆಕೆಯ ರೆಪ್ಪೆ ಜೋತಿದ್ದನ್ನು ಕಂಡಿದ್ದೆ, ವಯಸ್ಸಿನದೆಂದು ಬಿಟ್ಟಿದ್ದೆ. ಸಂಜೆಗೆ ಆಕೆಗೆ ಎಂಜಲು ನುಂಗಲಾಗಲಿಲ್ಲ, ರಾತ್ರಿಗೆ ಉಸಿರು ಸಣ್ಣದಾಯಿತು. ಜೀಪಿನ ಹಿಂದೆ ಕೂತು ಕೈಯಿಂದ ಗಾಳಿಚೀಲ ಒತ್ತುತ್ತ ಬಿಜಾಪುರ ಮುಟ್ಟಿಸಿದೆವು. ಅಜ್ಜಿ ಬದುಕಿದಳು. ಅಂದಿನಿಂದ ಯಾವ ಭೇದಿಯ ರೋಗಿ ಬಂದರೂ ಮೊದಲು ರೆಪ್ಪೆ ನೋಡುತ್ತೇನೆ.

ಒಂದು ಚೀಟಿಯ ಮೇಲೆ ಕನ್ನಡ, ಇಂಗ್ಲಿಷ್ ಎರಡರಲ್ಲೂ ದೊಡ್ಡದಾಗಿ ರೋಗದ ಹೆಸರು, ನಡೆದಿರುವ ಗುಳಿಗೆ, ‘ಇವು ತೊಂದರೆ ಮಾಡುತ್ತವೆ’ ಎಂದು ಮೇಲಿನ ನಾಲ್ಕು ಔಷಧಿಗಳ ಹೆಸರು ಬರೆಯಿರಿ. ತೊಂದರೆ ಮಾಡುವ ಉಳಿದ ಔಷಧಿಗಳನ್ನು ನಿಮ್ಮ ನರರೋಗ ವೈದ್ಯರಿಂದ ಬರೆಸಿಕೊಳ್ಳಿ. ಒಂದು ಪ್ರತಿ ಅವ್ವನ ಎಲೆಅಡಿಕೆ ಸಂಚಿಯಲ್ಲಿರಲಿ, ಒಂದು ನಿಮ್ಮ ಮೊಬೈಲಿನಲ್ಲಿ, ಇನ್ನೊಂದನ್ನು ನೀವು ಯಾವಾಗಲೂ ಹೋಗುವ ಔಷಧಿ ಅಂಗಡಿಯವರಿಗೆ ಕೊಟ್ಟು ಬನ್ನಿ.